ಅಳಿಯನ ಕೋಲು

ಬೋಳಾರದ ದೇಯಿಯ ಗಂಟಲೊಳಗೆ ಅರ್ಧ ಊರು ಬಾಡಿಗೆ ಕೊಡದೆ ವಾಸವಾಗಿತ್ತು. ಎರಡು ದನ ಸಾಕಿಕೊಂಡು, ಬೆಳಗ್ಗೆ ಸಂಜೆ ಮನೆಮನೆಗೆ ಹಾಲು ಹಾಕಿ ಬರುವ ಹೆಂಗಸು ಅವಳು. ಹೋಗುವಾಗ ತಂಬಿಗೆಯಲ್ಲಿ ಹಾಲು, ಬರುವಾಗ ಬಾಯಲ್ಲಿ ಆ ಮನೆಯವರ ಸ್ವರ. ವಕೀಲರ ಮನೆಗೆ ಎರಡು ಕುಡ್ತೆ ಹಾಲು ಕೊಟ್ಟರೆ ವಕೀಲರ ಮೂರು ಬಗೆಯ ಕೆಮ್ಮು ಸಿಗುತ್ತಿತ್ತು: ಗೆದ್ದ ದಿನದ್ದು, ಸೋತ ದಿನದ್ದು, ಫೀಸು ಕೇಳುವ ಮೊದಲಿನದ್ದು. ಹಾಲಿಗೆ ಅವಳು ನೀರು ಬೆರೆಸಿದವಳಲ್ಲ. ಆದರೆ ಸ್ವರಕ್ಕೆ ಒಂದು ಚಿಟಿಕೆ ಉಪ್ಪು ಖಾರ ಸೇರಿಸದೆ ಬಡಿಸಿದವಳೂ ಅಲ್ಲ.

ಅಂಥವಳಿಗೆ ಮಗಳ ಮದುವೆಯಲ್ಲಿ ಸಿಕ್ಕಿದ ದೊಡ್ಡ ಉಡುಗೊರೆಯೆಂದರೆ ಬೀಗಿತ್ತಿ. ಬಿಜೈಯ ಗುಣವತಿಗೆ ನಸ್ಯದ ಅಭ್ಯಾಸ. ಮೂಗು ಸದಾ ಕಟ್ಟಿಕೊಂಡೇ ಇರುವುದರಿಂದ ಅವಳ ಬಾಯಲ್ಲಿ 'ಮ' ಎಲ್ಲ 'ಬ' ಆಗುತ್ತಿತ್ತು, 'ನ' ಎಲ್ಲ 'ದ' ಆಗುತ್ತಿತ್ತು. 'ನನ್ನ ಮಗ ಬೋಜ' ಎಂದು ಹೆಮ್ಮೆಯಿಂದ ಹೇಳಹೊರಟರೆ 'ದದ್ದ ಬಗ ಬೋಜ' ಎಂದು ಹೊರಗೆ ಬಂದು, ಹೊಗಳಿದ್ದೋ ಬೈದದ್ದೋ ಎಂದು ಕೇಳಿದವರು ಯೋಚಿಸಬೇಕಾಗುತ್ತಿತ್ತು. ಮದುವೆಯ ಊಟದ ಎಲೆ ಎತ್ತುವ ಮೊದಲೇ ದೇಯಿ ಆ ಸ್ವರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಾಗಿತ್ತು.

ಮಗಳು ಕುಶಲಾ ಬೆದರಿದ್ದು ಅದನ್ನು ಕಂಡೇ.

"ಅಮ್ಮ, ಬೇರೆ ಯಾರದ್ದು ಬೇಕಾದ್ರೂ ಮಾಡು. ನನ್ನ ಅತ್ತೆಯದ್ದು ಮಾತ್ರ ಬೇಡ. ಅವರ ಕಿವಿಗೆ ಬಿದ್ರೆ ನಾನು ಬಿಜೈಯಲ್ಲಿ ತಲೆ ಎತ್ತಿ ನಡೀಲಿಕ್ಕುಂಟಾ?"

"ನಾನೆಂತ ಬಿಜೈಗೆ ಹೋಗಿ ಮಾಡ್ತೇನಾ ಮಾರಾಯ್ತಿ?"

"ಇಲ್ಲಿ ಸಹ ಬೇಡ. ನನ್ನ ತಲೆ ಮುಟ್ಟಿ ಹೇಳು."

ದೇಯಿ ತಲೆ ಮುಟ್ಟಿ ಹೇಳಿದಳು. ಹೀಗೆ ಬೀಗಿತ್ತಿಯ ಸ್ವರಕ್ಕೆ ಬೀಗ ಬಿತ್ತು.

ಅರವತ್ತೊಂದನೆಯ ಇಸವಿಯ ದೀಪಾವಳಿ ಬಂತು. ಅವರ ಮನೆಯ ಮಾತಿನಲ್ಲಿ ಅದು ಪರ್ಬ. ಮದುವೆಯಾದ ಮೇಲಿನ ಮೊದಲ ಪರ್ಬವಾದ್ದರಿಂದ ಮಗಳು ಅಳಿಯ ಇಬ್ಬರೂ ಬರುವವರಿದ್ದರು. ದೇಯಿ ಹಂಡೆ ತಿಕ್ಕಿದಳು, ಎಣ್ಣೆ ಕಾಯಿಸಿದಳು, ಅವಲಕ್ಕಿಗೆ ಬೆಲ್ಲ ಹೆರೆದಳು. ಅಳಿಯನ ಕಡೆಯಿಂದ ಒಂದು ಸುದ್ದಿಯೂ ಬಂತು: ಬೋಜ ಬಂದರಿನ ಹಾಶಿಂ ಸಾಹೇಬರ ಅಂಗಡಿಯಿಂದ ಒಂದು ಪೆಟ್ಟಿಗೆ ಬೆಡಿ ಕಟ್ಟಿಸಿಕೊಂಡಿದ್ದಾನಂತೆ. ಬೆಡಿಯೆಂದರೆ ಪಟಾಕಿ, ಹೂಕುಂಡ, ನೆಲಚಕ್ರ, ಬಾಣ, ಎಲ್ಲ ಸೇರಿ.

ದೇಯಿಗೆ ಬೆಡಿಯ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಅದು ಹೋರಿಯ ಮೇಲೆ ಇರುವಂಥ ಪ್ರೀತಿ: ಹಗ್ಗ ತನ್ನ ಕೈಯಲ್ಲಿರಬೇಕು. ಅವಳ ಗಂಡ ನೋಣಯ್ಯ ಬದುಕಿದ್ದಾಗ ಒಂದು ಪರ್ಬಕ್ಕೆ, ಹೂಕುಂಡ ಯಾಕೆ ಹತ್ತಲಿಲ್ಲ ಎಂದು ಬಗ್ಗಿ ನೋಡಿ, ಅರ್ಧ ಮೀಸೆಯನ್ನು ಅದಕ್ಕೇ ಅರ್ಪಿಸಿ ಎದ್ದಿದ್ದ. ಕಣ್ಣು ಉಳಿದದ್ದು ಪುಣ್ಯ. ಅಂದಿನಿಂದ ಆ ಅಂಗಳದಲ್ಲಿ ಬೆಡಿಗೆ ದೇಯಿಯದೇ ಕಾನೂನು. ಹತ್ತದ ಬೆಡಿಯ ಹತ್ತಿರ ಹೋದವನಿಗೆ ಆ ವರ್ಷದ ಹಬ್ಬದ, ಗೋವೆ ಎಲೆಯಲ್ಲಿ ಬೇಯಿಸಿದ ಕಡುಬು ಇಲ್ಲ, ಅಷ್ಟೆ.

ಈ ಸಲ ಕಾನೂನು ಬಿಗಿಯಾಗಲು ಇನ್ನೊಂದು ಕಾರಣವಿತ್ತು. ಅದು ಅಂಗಳದ ಪಾಗಾರದ ಗೋಡೆಯ ಆಚೆ ಎದ್ದು ನಿಂತಿತ್ತು.

ಪಕ್ಕದ ಮನೆಯ ಮಾರ್ಸೆಲಿನ್ ಬಾಯಿಯ ಮಗಳು ಆನಿಗೆ ಮದುವೆ. ಆಗಮನ ಕಾಲ ಶುರುವಾದರೆ ಕ್ರಿಸ್ಮಸ್ ಕಳೆಯುವ ತನಕ ಇಗರ್ಜಿಯಲ್ಲಿ ಮದುವೆ ಇಲ್ಲವಾದ್ದರಿಂದ, ಅದಕ್ಕೆ ಮುಂಚೆ ಮುಗಿಸುವ ಅವಸರ. ಪರ್ಬ ಕಳೆದು ಎರಡೇ ದಿನಕ್ಕೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್. ಅದಕ್ಕಾಗಿ ಅಂಗಳದ ತುಂಬ ಮಾಟೊವ್ ಹಾಕಿದ್ದರು. ಮಾಟೊವ್ ಎಂದರೆ ಮದುವೆಯ ಚಪ್ಪರ: ಅಡಿಕೆ ಮರದ ಕಂಬ, ಮೇಲೆಯೂ ಬದಿಗೂ ಹೆಣೆದ ತೆಂಗಿನ ಮಡಲು, ಒಳಗೆ ಬಣ್ಣದ ಕಾಗದದ ಹೂ. ಮಡಲು ಹದಿನೈದು ದಿನದ ಬಿಸಿಲಿಗೆ ಹಪ್ಪಳದ ಹಾಗೆ ಒಣಗಿತ್ತು. ಅದರ ಒಂದು ಬದಿ ದೇಯಿಯ ಪಾಗಾರಕ್ಕೆ ಬೆನ್ನು ತಾಗಿಸಿಕೊಂಡೇ ನಿಂತಿತ್ತು.

ಮಾರ್ಸೆಲಿನ್ ಬಾಯಿ ಪಾಗಾರದ ಮೇಲೆ ಮೊಣಕೈ ಊರಿ ಕೇಳಿದಳು. "ದೇಯಕ್ಕ, ನಿಮ್ಮ ಪರ್ಬಕ್ಕೆ ಬೇಡ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆದ್ರೆ ಈ ಮಾಟೊವ್ ನೋಡಿದ್ರೆ ನಿದ್ದೆ ಸಹ ಬರುವುದಿಲ್ಲ. ಒಂದು ಕಿಡಿ ಸಾಕು, ದೇವಾ ಸಾಯ್ಬಾ!"

"ಬಾಯಮ್ಮ, ನಾನು ಮಾತು ಕೊಡ್ತೇನೆ. ನನ್ನ ಅಂಗಳದ ಒಂದು ಕಿಡಿ ಪಾಗಾರ ಹತ್ತುವುದಿಲ್ಲ. ಹತ್ತಿದ್ರೆ ಕೆಳಗೆ ಇಳಿಯುವ ದಾರಿ ಸಹ ನಾನೇ ತೋರಿಸ್ತೇನೆ."

"ನೀವಿದ್ರೆ ಧೈರ್ಯ ಉಂಟು. ಆದ್ರೆ ಈ ಸಲ ನಿಮ್ಮ ಅಳಿಯ ಅಲ್ವಾ ಸುಡುವುದು?"

ದೇಯಿ ನಕ್ಕಳು. ಆದರೆ ಮಾತು ಸರಿಯಾದ ಜಾಗಕ್ಕೇ ತಾಗಿತ್ತು.

ತಾಗಿದ್ದನ್ನು ದೃಢಪಡಿಸಲು ಅವಳ ಅಣ್ಣ ದುಗ್ಗಪ್ಪ ಅದೇ ಸಂಜೆ ಬಂದು ಚಾವಡಿಯಲ್ಲಿ ಕೂತ. ಬಂದರಿನ ಗೋದಾಮಿನಲ್ಲಿ ರೈಟರಾಗಿದ್ದವನು. ಸಾಮಾನಿನ ಲೆಕ್ಕ ಬಿಟ್ಟ ಮೇಲೆ ಸಂಪ್ರದಾಯದ ಲೆಕ್ಕ ಹಿಡಿದಿದ್ದ. ಯಾವ ಮನೆಯ ಯಾವ ಕಾರ್ಯಕ್ಕೆ ಯಾವ ದಿಕ್ಕಿಗೆ ಮುಖ ಮಾಡಿ ಯಾರು ಮೊದಲು ಕೂರಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಾಯಿಪಾಠ ಇಲ್ಲದ್ದನ್ನು ಸಹ ಇದ್ದಂತೆ ಹೇಳುವ ಗತ್ತು ಅವನಿಗಿತ್ತು. ಪ್ರತಿ ಮಾತಿಗೂ ಮುಂಚೆ ಒಂದು "ಹ್ಞಂ" ಹಾಕುತ್ತಿದ್ದ.

"ಹ್ಞಂ. ನೋಡು ದೇಯಿ. ಮೊದಲ ಪರ್ಬ. ಅಳಿಯನ ಕೈಯಿಂದಲೇ ಮೊದಲ ಬೆಡಿ. ಹ್ಞಂ. ಮತ್ತೆ ಆ ದಿನ ಅಳಿಯನಿಗೆ 'ಬೇಡ' ಹೇಳ್ಲಿಕ್ಕಿಲ್ಲ. ಸ್ವರ ಎತ್ತಿ ಮಾತಾಡ್ಲಿಕ್ಕಿಲ್ಲ. ಹೊಸ ಅಳಿಯನಿಗೆ ಬೇಡ ಹೇಳಿದ ಮನೆಗೆ ಅವ ಮತ್ತೆ ಸರಿಯಾಗಿ ಕಾಲಿಡುವುದಿಲ್ಲ. ಹ್ಞಂ."

"ಅವ ಚಪ್ಪರಕ್ಕೆ ಬೆಂಕಿ ಕೊಡ್ಲಿಕ್ಕೆ ಹೋದ್ರೆ ಸಹ ಬೇಡ ಹೇಳ್ಲಿಕ್ಕಿಲ್ವಾ?"

"ಹೇಳ್ಲಿಕ್ಕಿಲ್ಲ. ಬೇರೆ ಎಂತಾದ್ರೂ ಮಾಡು. ಬೇಡ ಹೇಳ್ಬೇಡ."

"ಅಣ್ಣ, ಈಗ ನೀನು ನನಗೆ ಎರಡು ಸಲ ಬೇಡ ಹೇಳಿದೆ."

"ಹ್ಞಂ. ನೀನು ಅಳಿಯ ಅಲ್ಲ."

ದೇಯಿ ಒಲೆಯ ಮುಂದೆ ಕೂತು ಯೋಚಿಸಿದಳು. ಮಾಟೊವ್ ಉಳಿಯಬೇಕು, ಅಳಿಯ ಉಳಿಯಬೇಕು, ಅಳಿಯನ ಮರ್ಯಾದೆಯೂ ಉಳಿಯಬೇಕು. ಮೂರರಲ್ಲಿ ಒಂದು ಸುಟ್ಟರೂ ಕುಶಲಾಳ ಮುಖ ಬಾಡುತ್ತದೆ. ಬೇಡ ಎನ್ನಬಾರದು, ಸರಿ. 'ಹೀಗೆ ಮಾಡುವುದೇ ನಮ್ಮ ಸಂಪ್ರದಾಯ' ಎನ್ನಬಾರದು ಅಂತ ಅಣ್ಣ ಹೇಳಿದ್ದಾನಾ? ಇಲ್ಲವಲ್ಲ! ಸಂಪ್ರದಾಯ ಎಲ್ಲಿಂದ ಬಂದದ್ದು? ಯಾರೋ ಒಬ್ಬರು ಮೊದಲ ದಿನ ಶುರು ಮಾಡಿದ್ದು ತಾನೇ? ತಾನು ಈ ಬುಧವಾರದ ಪರ್ಬಕ್ಕೆ ಶುರು ಮಾಡಿದರೆ ಎಂತ ನಷ್ಟ?

ಒಲೆಯಲ್ಲಿ ಉರಿಯುತ್ತಿದ್ದ ಕೊಳ್ಳಿಯನ್ನು ಸ್ವಲ್ಪ ಹೊರಗೆಳೆದು ಅವಳು ನಕ್ಕಳು. ಗೆದ್ದ ದಿನದ ವಕೀಲರ ಕೆಮ್ಮನ್ನು ಒಮ್ಮೆ ಮೆಲ್ಲಗೆ ಕೆಮ್ಮಿದಳು.

ಬೋಜ ಪರ್ಬದ ದಿನ ಮಧ್ಯಾಹ್ನ ಕುಶಲಾಳೊಂದಿಗೆ ಬಂದ. ಹೆಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ಸಪೂರ ಮೀಸೆ, ಹೊಸ ಟೆರಿಲಿನ್ ಶರ್ಟು, ತೋಳಿನಡಿ ಪೆಟ್ಟಿಗೆ. ಮೆಟ್ಟಿಲು ಹತ್ತುವ ಮೊದಲೇ ಅವನ ಮಾತು ಹತ್ತಿ ಬಂತು.

"ಅತ್ತೆ, ಈ ವರ್ಷ ಬೋಳಾರದವರು ಬಾಯಿ ಬಿಟ್ಟು ನೋಡ್ಬೇಕು. ಮಾಲೆ ಪಟಾಕಿ ಉಂಟು, ಕೈಯಲ್ಲೇ ಹಿಡ್ಕೊಂಡು ಬಿಡ್ತೇನೆ. ಬಾಣ ಉಂಟು. ಬಿಜೈಯಲ್ಲಿ ನಾನು ಬಾಣ ಬಿಟ್ರೆ ಅದು ಕದ್ರಿ ಗುಡ್ಡೆ ದಾಟಿ ಹೋಗ್ತದೆ."

"ಹೌದಾ! ಅಷ್ಟು ಅಭ್ಯಾಸ ಉಂಟಾ ನಿಮಗೆ?"

"ಅಭ್ಯಾಸ ಅಂದ್ರೆ? ಹಲ್ಲುಜ್ಜುವುದಕ್ಕೆ ಅಭ್ಯಾಸ ಬೇಕಾ ಅತ್ತೆ?"

ಮುದ್ದಿನ ಅಳಿಯ, ಮದ್ದಿನ ಪೆಟ್ಟಿಗೆ. ದೇಯಿ ಎರಡನ್ನೂ ಬಾಗಿಲಲ್ಲೇ ಬರಮಾಡಿಕೊಂಡಳು. ಕಾಲಿಗೆ ನೀರು ಕೊಟ್ಟಳು, ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. "ಹೊಸ ಅಳಿಯ ತಂದ ಬೆಡಿ ನಡುಕೋಣೆಯ ತಗಡಿನ ಡಬ್ಬಿಯಲ್ಲಿ ಮುಚ್ಚಳ ಹಾಕಿ ಇಡುವುದು ನಮ್ಮ ಮನೆಯ ಕ್ರಮ. ದೀಪದ ಬುಡದಲ್ಲಿ ಇಡ್ಲಿಕ್ಕಿಲ್ಲ. ಸುಡುವಾಗ ಹೆಂಡತಿ ಒಂದೊಂದೇ ತಂದು ಕೊಡ್ಬೇಕು. ಹಾಗೆ ಮಾಡಿದ್ರೆ ಗಂಡ ಹೆಂಡತಿಗೆ ಜೀವಮಾನ ಇಡೀ ಒಂದೇ ಮಾತು."

ಚಾವಡಿಯಲ್ಲಿದ್ದ ದುಗ್ಗಪ್ಪ ತಲೆ ಎತ್ತಿದ. ಅಂಥ ಕ್ರಮವನ್ನು ಅವನು ಎಲ್ಲೂ ಕೇಳಿರಲಿಲ್ಲ. ಆದರೆ ತನಗೆ ಗೊತ್ತಿಲ್ಲದ ಕ್ರಮ ತನ್ನ ತಂಗಿಗೆ ಗೊತ್ತು ಎಂದು ಅಳಿಯನ ಎದುರು ಒಪ್ಪುವುದುಂಟೇ?

"ಹ್ಞಂ," ಎಂದ. "ಉಂಟು. ಹಿಂದಿನಿಂದಲೂ ಉಂಟು."

ದೇಯಿಗೆ ಅಷ್ಟೇ ಬೇಕಿತ್ತು.

ಆಮೇಲೆ ಟೆರಿಲಿನ್ ಶರ್ಟಿನ ಸರದಿ ಬಂತು. ಹಾಲು ಹಾಕುವ ಮನೆಯ ನರ್ಸ್ ರೊಸಾಲಿನ್ ಅವಳಿಗೆ ಹೇಳಿದ್ದಳು, ಆ ಬಟ್ಟೆಗೆ ಕಿಡಿ ಬಿದ್ದರೆ ಕರಗಿ ಮೈಗೇ ಅಂಟಿಕೊಳ್ಳುತ್ತದೆ ಎಂದು. ದೇಯಿ ಹತ್ತಿಯ ಮುಂಡು, ಹತ್ತಿಯ ಅಂಗಿ ಹರಿವಾಣದಲ್ಲಿಟ್ಟು ತಂದಳು. "ಮೊದಲ ಪರ್ಬಕ್ಕೆ ಹೆಣ್ಣಿನ ಮನೆಯ ಬಟ್ಟೆ ಉಟ್ಟೇ ಬೆಡಿ ಸುಡ್ಬೇಕು. ಮುಂಡು ಎತ್ತಿ ಕಟ್ಬೇಕು. ಕಾಲಿಗೆ ಮೆಟ್ಟು ಸಹ ಹಾಕ್ಬೇಕು, ಬರಿಗಾಲಿನಲ್ಲಿ ಅಳಿಯ ಅಂಗಳಕ್ಕೆ ಇಳಿದ್ರೆ ಮನೆಗೆ ಶ್ರೇಯಸ್ಸಲ್ಲ."

"ಹ್ಞಂ, ಮೆಟ್ಟು ಮುಖ್ಯ," ಎಂದ ದುಗ್ಗಪ್ಪ. ಈಗ ಅವನಿಗೂ ಗಾಳಿ ಹಿಡಿದಿತ್ತು. "ನಮ್ಮ ಅಜ್ಜನ ಕಾಲದಲ್ಲಿ ಅಳಿಯನಿಗೆ ಮೆಟ್ಟನ್ನೇ ಉಡುಗೊರೆ ಕೊಡುತ್ತಿದ್ದದ್ದು."

ಕುಶಲಾ ಒಳಗಿನಿಂದ ಅಮ್ಮನನ್ನು ದಿಟ್ಟಿಸಿದಳು. ಅಮ್ಮ ಏನೋ ನಡೆಸುತ್ತಿದ್ದಾಳೆಂದು ಗೊತ್ತಾಯಿತು. ಅದು ಅತ್ತೆಯ ಸ್ವರವಲ್ಲದ ತನಕ ತನಗೇನೂ ಇಲ್ಲವೆಂದು ಸುಮ್ಮನಾದಳು.

ಬಿಸಿಲು ಇಳಿಯುವಾಗ ದೇಯಿ ಪಾಗಾರದ ಆಚೆ ಹೋದಳು. ದುಗ್ಗಪ್ಪ ಗೋದಾಮಿನಿಂದ ತರಿಸಿಕೊಟ್ಟ ಗೋಣಿಗಳನ್ನು ಬಾವಿಕಟ್ಟೆಯಲ್ಲಿ ನೆನೆಸಿ, ಮಾಟೊವಿನ ಹೊರಮೈಗೆ ಹೊದೆಸತೊಡಗಿದಳು. ಮಾರ್ಸೆಲಿನ್ ಬಾಯಿಯ ಗಂಡ ಪಿಯುಸ್ ಏಣಿ ಹಿಡಿದ.

"ದೇಯಕ್ಕ, ನೀರು ಒಳಗೆ ಇಳಿದ್ರೆ ಕಾಗದದ ಹೂವಿನ ಬಣ್ಣ ಹೋಗ್ತದೆ. ಕೆಂಪು ನೀರು ಆನಿಯ ಮೇಲೆ ಬಿದ್ರೆ ನಾನು ಯಾರಿಗೆ ಹೇಳುವುದು?" ಮಾರ್ಸೆಲಿನ್ ಬಾಯಿಗೆ ಬೆಂಕಿ ಬಿಟ್ಟು ಈಗ ನೀರಿನ ಚಿಂತೆ.

"ಹಿಂಡಿಯೇ ಹಾಕ್ತಿದ್ದೇನೆ ಬಾಯಮ್ಮ. ಗೋಣಿ ಒದ್ದೆ ಇರ್ಬೇಕು, ಅಳ್ಬಾರದು." ಅವಳು ಪಿಯುಸ್‌ನ ಕಡೆ ತಿರುಗಿದಳು. "ಪೊರ್ಬುಗಳೇ, ಓ ಆ ಮೂಲೆಗೆ ಒಂದು ಜಾಸ್ತಿ ಬರ್ಲಿ."

ಮಾಟೊವ್ ಗೋಣಿ ಹೊದ್ದು ಕೂತದ್ದು ನೋಡಿ ಮದುಮಗಳು ಆನಿ, "ಜ್ವರ ಬಂದ ಹಾಗೆ ಉಂಟು," ಎಂದು ನಕ್ಕಳು.

ಕತ್ತಲೆ ಕವಿಯುವ ಹೊತ್ತಿಗೆ ಅಂಗಳ ತಯಾರಾಗಿತ್ತು. ನಡುವಿನ ತುಳಸಿಕಟ್ಟೆಯಲ್ಲಿ ಹಣತೆ. ಬದಿಯಲ್ಲಿ ಎರಡು ಕೊಡ ನೀರು, ಒಂದು ಬುಟ್ಟಿ ಹೊಯಿಗೆ, ಅಂದರೆ ಮರಳು. ದನಗಳನ್ನು ಹಿಂದಿನ ಕೊಟ್ಟಿಗೆಗೆ ಕಟ್ಟಿ, ಬಾಗಿಲು ಎಳೆದಿತ್ತು. ಪಾಗಾರದ ಆಚೆ ಮಾರ್ಸೆಲಿನ್ ಬಾಯಿಯ ಮನೆಗೆ ಬಂದ ನೆಂಟರೆಲ್ಲ ಸಾಲಾಗಿ ಮುಖ ಇಟ್ಟುಕೊಂಡು ನಿಂತಿದ್ದರು. ಆಗ ದೇಯಿ ಆ ದಿನದ ದೊಡ್ಡ ಸಂಪ್ರದಾಯವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದಳು.

ಅದೊಂದು ಉದ್ದನೆಯ ಬಿದಿರಿನ ಕೋಲು, ಆಳಿಗಿಂತ ಉದ್ದ. ತುದಿಯನ್ನು ಸೀಳಿ ಅದರಲ್ಲಿ ದಪ್ಪ ಊದುಬತ್ತಿ ಸಿಕ್ಕಿಸಿತ್ತು. ಹಿಡಿಯುವಲ್ಲಿ ಅರಸಿನದ ಪಟ್ಟಿ, ಕುಂಕುಮದ ಬೊಟ್ಟು, ಒಂದು ಸುತ್ತು ಮಲ್ಲಿಗೆ. ನಿನ್ನೆಯ ತನಕ ಅದು ಪಪ್ಪಾಯಿ ಕೊಯ್ಯುವ ಕೊಕ್ಕೆಯಾಗಿತ್ತು.

"ಅಳಿಯನ ಕೋಲು," ಎಂದಳು ದೇಯಿ. ಗಂಭೀರವಾಗಿ ಎಂದರೆ ಅಷ್ಟು ಗಂಭೀರವಾಗಿ. "ಈ ಮನೆಗೆ ಬಂದ ಅಳಿಯಂದಿರು ಬೆಡಿಗೆ ಬೆಂಕಿ ಕೊಡುವುದು ಇದರಲ್ಲಿಯೇ. ಕೈಯಲ್ಲಿ ಕೊಡುವುದು ಆಳುಗಳು. ಅಳಿಯ ದೂರ ನಿಂತು ಕೊಡ್ಬೇಕು, ರಾಜನ ಹಾಗೆ."

ಬೋಜ ಕೋಲನ್ನು ನೋಡಿದ, ಮಾಲೆ ಪಟಾಕಿ ಹಿಡಿಯಲು ಚಾಚಿದ್ದ ಕೈಯನ್ನು ನೋಡಿದ. "ಕೈಯಲ್ಲೇ ಹಿಡ್ಕೊಂಡು ಬಿಡುವ ಅಂತ..."

"ರಾಜನ ಹಾಗೆ," ಎಂದ ದುಗ್ಗಪ್ಪ. "ಹ್ಞಂ. ಈ ಕೋಲನ್ನು ನಾನು ಸಣ್ಣದಿರುವಾಗ ನೋಡಿದ್ದೇನೆ."

ರಾಜನಾಗಲು ಯಾರಿಗೆ ಮನಸ್ಸಿಲ್ಲ? ಬೋಜ ಕೋಲು ಹಿಡಿದ. ಮಾಲೆ ಪಟಾಕಿ ಹೊಯಿಗೆಯ ಮೇಲೆ ಮಲಗಿ ತಡತಡನೆ ಹಾರಿತು. ನೆಲಚಕ್ರ ತಿರುಗಿ ತಿರುಗಿ ತಲೆತಿರುಗಿ ನಿಂತಿತು. ಹೂಕುಂಡ ಚಿನ್ನದ ಅಕ್ಕಿ ಎರಚಿತು. ಕುಶಲಾ ಒಂದೊಂದೇ ತಂದು ಕೊಡುವಳು, ಅವನು ದೂರದಿಂದ ಕೋಲು ಚಾಚುವನು. ಸುರುಸುರು ಕಡ್ಡಿ ಉರಿದು ಮುಗಿದರೆ, "ನೀರಿಗೆ ಬಿಡುವ ಶಾಸ್ತ್ರ," ಎಂದು ದೇಯಿ ಕೊಡ ತೋರಿಸುವಳು. ಕಾದ ಕಂಬಿ ಚುಂಯ್ ಎನ್ನುವುದು. ಪಾಗಾರದ ಆಚೆ ಚಪ್ಪಾಳೆ. ಅಳಿಯನಿಗೂ ಹಿಗ್ಗು, ಅತ್ತೆಗೂ ಹಿಗ್ಗು. ದುಗ್ಗಪ್ಪನಂತೂ ಕೋಲಿನ ಚರಿತ್ರೆಗೆ ಒಬ್ಬ ಮುತ್ತಜ್ಜನನ್ನು ಸೇರಿಸಿಯಾಗಿತ್ತು.

ಕೊನೆಗೆ ಬಾಣ ಬಂತು.

ದೇಯಿ ಬಾಟ್ಲಿಯನ್ನೂ ಮೊದಲೇ ತಯಾರು ಮಾಡಿದ್ದಳು. ದಪ್ಪ ತಳದ ಸೋಡ ಬಾಟ್ಲಿ, ಅರ್ಧಕ್ಕೆ ಹೊಯಿಗೆ ತುಂಬಿಸಿದ್ದು, ಬೀಳದ ಹಾಗೆ. ತೆರೆದ ಆಕಾಶದಡಿ, ಮಾಟೊವಿಗೆ ಬೆನ್ನು ಹಾಕಿ, ಬಾಣದ ಮೂತಿ ನದಿಯ ಕಡೆಗೆ ಇರುವಂತೆ ನಿಲ್ಲಿಸಿದಳು. "ಮೊದಲ ಬಾಣ ನೇತ್ರಾವತಿಗೆ. ಹೊಳೆಗೆ ಕೊಡದೆ ನಾವು ಬೇರೆ ಬಾಣ ಬಿಡುವುದಿಲ್ಲ."

ಬೋಜ ಕೋಲು ಚಾಚಿದ. ಬತ್ತಿ ಸುರ್ರೆಂದಿತು. ಎಲ್ಲರೂ ತಲೆ ಮೇಲೆತ್ತಿದರು. ಸುರ್ರ್ ನಿಂತಿತು. ಬಾಣ ಅಲ್ಲೇ ನಿಂತಿತ್ತು.

ಪಾಗಾರದ ಆಚೆಯಿಂದ ಯಾರೋ ನೆಂಟನ ಸ್ವರ ಬಂತು. "ಕದ್ರಿ ಗುಡ್ಡೆ ಅಲ್ಲ, ಬಾಟ್ಲಿಯ ಕುತ್ತಿಗೆ ಸಹ ದಾಟ್ಲಿಲ್ಲ!"

ನಗೆ ಎದ್ದಿತು. ಬೋಜನ ಕಿವಿ ಕೆಂಪಾಯಿತು. ಅವನು ಕೋಲನ್ನು ತುಳಸಿಕಟ್ಟೆಗೆ ಒರಗಿಸಿದ.

"ಹತ್ತದ ಬೆಡಿಯನ್ನು ಮುಟ್ಟದೆ ಬಿಟ್ಟು, ಮತ್ತೆ ದೂರದಿಂದ ನೀರು ಹಾಕುವುದು..." ದೇಯಿ ಸಂಪ್ರದಾಯದ ಗಂಟು ಬಿಚ್ಚಿದಳು.

"ಸಾಕು ಅತ್ತೆ, ಕೋಲಿನಿಂದಲೇ ಹೀಗಾದದ್ದು," ಎಂದು ಬೋಜ ನೆಟ್ಟಗೆ ಬಾಟ್ಲಿಯ ಕಡೆ ನಡೆದ.

ದೇಯಿ ಅಣ್ಣನನ್ನು ನೋಡಿದಳು. ಮುತ್ತಜ್ಜನ ತನಕ ಹೋಗಿದ್ದ ದುಗ್ಗಪ್ಪನಿಗೆ ಈಗ ಒಂದು "ಹ್ಞಂ" ಕೂಡ ಹೊರಡಲಿಲ್ಲ. ಅವನು ಕೈಯಾಡಿಸಿ, "ಸ್ವರ ಎತ್ಬೇಡ, ಸ್ವರ ಎತ್ಬೇಡ," ಎಂದು ಪಿಸುಗುಟ್ಟಿದ.

ಬೋಜ ಬಗ್ಗಿ ಬಾಟ್ಲಿಯನ್ನೇ ಎತ್ತಿಕೊಂಡ. ಬತ್ತಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹಣತೆಯ ಬೆಳಕಿಗೆ ಹಿಡಿದು, ಮುಖವನ್ನು ಅದರ ಮೇಲೆ ತಂದ. ಬೆಳಕಿಗೆ ತಿರುಗಿಸುವಾಗ ಬಾಟ್ಲಿ ವಾಲಿತು. ನದಿಯನ್ನು ನೋಡುತ್ತಿದ್ದ ಬಾಣದ ಮೂತಿ ಈಗ ಮಾಟೊವನ್ನು ನೋಡುತ್ತಿತ್ತು. ಗೋಣಿ ಮುಚ್ಚಿದ್ದು ಹೊರಮೈಯನ್ನು ಮಾತ್ರ. ಪಾಗಾರದ ಮೇಲೆ, ಮಾಡಿನ ಸಂದಿಯಲ್ಲಿ ಒಣ ಮಡಲು ಬಾಯಿ ತೆರೆದುಕೊಂಡೇ ಇತ್ತು.

ಆಗ ದೇಯಿ ಕಂಡಳು. ಬತ್ತಿಯ ಬುಡದಲ್ಲಿ ಒಂದು ಕೆಂಪು ಕಣ್ಣು, ಸಾಸಿವೆಯಷ್ಟು. ಸತ್ತಿರಲಿಲ್ಲ. ನೋಣಯ್ಯನ ಹೂಕುಂಡದಲ್ಲಿಯೂ ಅದೇ ಕಣ್ಣು ಇತ್ತು.

ಬೇಡ ಎಂದರೆ ಈ ಅಳಿಯ ಕೇಳುವವನಲ್ಲ. ಅತ್ತೆ ಕೂಗಿದರೆ ತಿರುಗಿ 'ಎಂತ ಅತ್ತೆ?' ಎಂದು ಕೇಳುತ್ತ ನಿಲ್ಲುತ್ತಾನೆ. ಹೊಸ ಸಂಪ್ರದಾಯ ಹುಟ್ಟಿಸಲು ಉಸಿರೆಳೆಯುವಷ್ಟೂ ಹೊತ್ತಿರಲಿಲ್ಲ. ಬಾಗಿಲಲ್ಲಿ ಕುಶಲಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಆ ತಲೆ ಮುಟ್ಟಿ ಕೊಟ್ಟ ಮಾತು ದೇಯಿಗೆ ನೆನಪಿತ್ತು. ನೆನಪಿದ್ದೂ, ಗಂಟಲಿನ ಒಳಕೋಣೆಯ ಬೀಗ ಒಡೆದಳು.

"ಬೋಜಾ! ಬಗಾ! ಕೆಳಗಿಡು ಬಾರಾಯ! ಹಿದ್ದೆ ಬಾ!"

ಬೋಜ ಸುಟ್ಟವನಂತೆ ಬಾಟ್ಲಿಯನ್ನು ಕೆಳಗಿಟ್ಟ. ಯೋಚಿಸಿ ಇಟ್ಟದ್ದಲ್ಲ. ಅವನ ಕೈ, ಕಾಲು, ಬೆನ್ನು ಎಲ್ಲವೂ ಇಪ್ಪತ್ತಾರು ವರ್ಷ ಕೇಳಿದ ಆ ಸ್ವರಕ್ಕೆ ತಾವೇ ಉತ್ತರ ಕೊಟ್ಟವು. ಹೊಯಿಗೆಯ ಭಾರಕ್ಕೆ ಬಾಟ್ಲಿ ಒಮ್ಮೆ ತೂಗಿ ನೆಟ್ಟಗೆ ನಿಂತಿತು. ಅವನು ಹಿಂದೆ ಹಾರಿದ.

ಭುಸ್ಸ್! ಒಂದು ಕ್ಷಣದ ಹಿಂದೆ ಅವನ ಮುಖವಿದ್ದ ಗಾಳಿಯನ್ನು ಸೀಳಿಕೊಂಡು ಬಾಣ ಮೇಲಕ್ಕೆ ಹೋಯಿತು. ತೆಂಗಿನ ತಲೆ ದಾಟಿ, ಮಂಗಳಾದೇವಿ ಗುಡಿಯ ಕಡೆ ಒಮ್ಮೆ ನೋಡಿ, ಹೊಳೆಯ ಮೇಲೆ ಹೋಗಿ ಹಸಿರಾಗಿ ಅರಳಿತು. ಬಾಲದ ನಾಲ್ಕು ಕಿಡಿ ಪಾಗಾರದ ಆಚೆ ಉದುರಿತು. ಒದ್ದೆ ಗೋಣಿ ಚುಂಯ್, ಚುಂಯ್ ಎಂದಿತು. ಅಷ್ಟೇ. ಪಿಯುಸ್ ಓಡಿ ಹೋಗಿ ಅಂಗೈಯಲ್ಲಿ ತಡವಿ ನೋಡಿ, "ಎಂತದ್ದಿಲ್ಲ, ಎಂತದ್ದಿಲ್ಲ," ಎಂದು ಎರಡು ಸಲ ಹೇಳಿದ.

ಬೋಜ ಬಿಳಿಚಿಕೊಂಡು ಬಾಗಿಲ ಕಡೆ, ಬಾವಿಯ ಕಡೆ, ಗೇಟಿನ ಕಡೆ ಹುಡುಕಿದ.

"ಅಮ್ಮ? ನೀನು ಯಾವಾಗ ಬಂದದ್ದು?"

ಪಾಗಾರದ ಆಚೆ ಮಾರ್ಸೆಲಿನ್ ಬಾಯಿ ಮೊದಲು ತಡೆದುಕೊಂಡಳು, ಮತ್ತೆ ಆಗಲಿಲ್ಲ. ಅವಳ ನಗೆ ಕೊಡದಿಂದ ನೀರು ಸುರಿದ ಹಾಗೆ ಸುರಿಯಿತು. ಕುಶಲಾ ಮುಖ ಮುಚ್ಚಿಕೊಂಡಳು.

"ದೇಯೀ!" ದುಗ್ಗಪ್ಪನಿಗೆ ಸ್ವರ ಮರಳಿತು. "ಬೀಗಿತ್ತಿಯನ್ನು ಅಣಕಿಸಿದ್ದಾ? ಅಳಿಯನ ಎದುರು? ಮೊದಲ ಪರ್ಬಕ್ಕೆ? ಇದಕ್ಕೆ ಯಾವ ಸಂಪ್ರದಾಯ ಉಂಟು?"

"ಇದಕ್ಕಿಲ್ಲ ಅಣ್ಣ," ಎಂದಳು ದೇಯಿ. ಅವಳು ಸೆರಗು ಸರಿಮಾಡಿಕೊಂಡು ಬೋಜನ ಎದುರು ಬಂದು ನಿಂತಳು. "ನಾನೇ ಕೂಗಿದ್ದು. ನಿಮ್ಮ ಅಮ್ಮನ ಸ್ವರ ನಾನು ಮದುವೆಯ ದಿನವೇ ಕದ್ದದ್ದು. ಅಣಕ ಅಂತ ತಿಳ್ಕೊಂಡ್ರೆ ಅಣಕ. ಬೇಡ ಹೇಳ್ಲಿಕ್ಕೆ ನನಗೆ ಅಪ್ಪಣೆ ಇರ್ಲಿಲ್ಲ, ಅವರಿಗೆ ಉಂಟಲ್ಲ. ಸಿಟ್ಟಾದ್ರೆ ನನ್ನ ಮೇಲೆ ಆಗಿ, ಕುಶಲಾಳನ್ನು ಬಿಡಿ. ಅವಳು ತಲೆ ಮುಟ್ಟಿಸಿ ತಡೆದಿದ್ದಳು. ಮುಖ ತೋರಿಸಿ ಒಮ್ಮೆ. ಮೀಸೆ ಪೂರ್ತಿ ಉಂಟಾ?"

ಬೋಜ ಕೈಯೆತ್ತಿ ಮೀಸೆ ಮುಟ್ಟಿ ನೋಡಿದ. ಅವನು ತುಳಸಿಕಟ್ಟೆಯ ಅಂಚಿನಲ್ಲಿ ಕೂತುಬಿಟ್ಟ. ಕುಶಲಾ ಬಂದು ನೀರಿನ ಲೋಟ ಕೊಟ್ಟಳು. ಕುಡಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಅತ್ತೆ," ಎಂದ ಕೊನೆಗೆ, "ನಾನು ಇವತ್ತಿನ ತನಕ ಬಾಣ ಬಿಟ್ಟದ್ದಿಲ್ಲ."

"ಕದ್ರಿ ಗುಡ್ಡೆ?"

"ಅದು ಬೇರೆಯವರು ಬಿಟ್ಟದ್ದು, ನಾನು ಕಿಟಕಿಯಿಂದ ನೋಡಿದ್ದು. ಅಮ್ಮ ನನಗೆ ಕಡ್ಡಿಪೆಟ್ಟಿಗೆ ಮುಟ್ಲಿಕ್ಕೆ ಬಿಡುವುದಿಲ್ಲ. ಸುರುಸುರು ಕಡ್ಡಿ ಸಹ ಕೈ ಹಿಡ್ಕೊಂಡೇ ಸುಡಿಸುವುದು, ಹೋದ ವರ್ಷದ ತನಕ. ಇಲ್ಲಿ ಯಾರೂ ಬೇಡ ಹೇಳುವುದಿಲ್ಲ ಅಂತ ಗೊತ್ತಾಯ್ತು. ಮತ್ತೆಂತ, ಸ್ವಲ್ಪ ಜೋರಾದೆ."

"ಸ್ವಲ್ಪವಾ?" ಎಂದಳು ಕುಶಲಾ. ಅದು ಮದುವೆಯಾದ ಮೇಲೆ ಅವಳು ನಾಲ್ಕು ಜನರೆದುರು ಗಂಡನಿಗೆ ಕೊಟ್ಟ ಮೊದಲ ಏಟು. ಬೋಜನಿಗೆ ನಗು ಬಂತು. ಅವನು ನಕ್ಕದ್ದೇ ಅಂಗಳ ಇಡೀ ನಕ್ಕಿತು.

"ಅತ್ತೆ, ಇನ್ನೊಮ್ಮೆ ಹೇಳಿ."

"ಬೇಡ," ಎಂದಳು ದೇಯಿ. ಆ ದಿನ ಹೊಸ ಅಳಿಯನಿಗೆ ಆ ಮನೆಯಲ್ಲಿ ಹೇಳಿದ ಮೊದಲ ಬೇಡ ಅದು. ಉಳಿದ ಎರಡು ಬಾಣಗಳನ್ನು ಬೋಜ ಕೋಲಿನಿಂದಲೇ, ಅತ್ತೆ ಹೇಳಿದಲ್ಲಿ ನಿಂತು, ಹೊಳೆಗೆ ಬಿಟ್ಟ. ಎರಡೂ ಹೋದವು. ಹತ್ತದೆ ಉಳಿದ ಒಂದು ಹೂಕುಂಡಕ್ಕೆ ಅವನೇ ದೂರದಿಂದ ನೀರು ಎರಚಿ, "ಶಾಸ್ತ್ರ," ಎಂದ.

ಮರುದಿನ ಮಧ್ಯಾಹ್ನದ ಊಟಕ್ಕೆ ಗುಣವತಿಯೂ ಬಂದಳು. ಬರುವ ಮೊದಲೇ ಅವಳ ಮೂಗು ಬಂತು. ಅವಳ ಮಾತಿಗೆ ಓದುವವರು ತಾವೇ ನಸ್ಯ ಸೇರಿಸಿಕೊಳ್ಳಬೇಕು. ದೇಯಿ ತಲೆ ತಗ್ಗಿಸಿ ಕಡುಬು ಬಡಿಸುತ್ತಿದ್ದಳು. ತಲೆ ಎತ್ತಿದರೆ ತುಟಿ ತನ್ನ ಮಾತು ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕುಶಲಾ ಉಪ್ಪಿನಕಾಯಿ ಹಿಡಿದು ದೇವರನ್ನು ನೆನೆಯುತ್ತಿದ್ದಳು.

ಬೋಜನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. "ಅಮ್ಮ, ನಿನ್ನೆ ಸಂಜೆ ಬಾಣ ಸರಿ ಹತ್ಲಿಲ್ಲ. ನಾನು ಬಗ್ಗಿ ನೋಡ್ಲಿಕ್ಕೆ ಹೋದೆ. ಅಷ್ಟರಲ್ಲಿ ನನ್ನ ಕಿವಿಗೆ ನಿನ್ನ ಸ್ವರ ಕೇಳಿತು. ನೀನೇ ಕೂಗಿದ ಹಾಗೆ. ಬಿಟ್ಟು ಓಡಿದೆ. ಇಲ್ಲದಿದ್ರೆ ಈ ಮುಖ ಇರ್ತಿರ್ಲಿಲ್ಲ."

ದೇಯಿಯ ಕೈಯಲ್ಲಿದ್ದ ಸೌಟು ನಿಂತಿತು.

ಗುಣವತಿ ಕೈಯ ತುತ್ತನ್ನು ಎಲೆಯಲ್ಲಿಟ್ಟಳು. ಎಲ್ಲರನ್ನೂ ಒಮ್ಮೆ ನೋಡಿದಳು. "ನನಗೆ ಗೊತ್ತಿತ್ತು," ಎಂದಳು. "ದೀಪ ಹಚ್ಚುವ ಹೊತ್ತಿಗೆ ನನಗೆ ಎದೆ ಡಬ್ ಅಂತ ಹೇಳಿತು. ಒಮ್ಮೆ 'ಮಗಾ' ಅಂತ ಕೂಗಿಯೇ ಬಿಟ್ಟೆ. ಪಕ್ಕದ ಮನೆಯವರಿಗೆ ಸಹ ಕೇಳಿಸಿದೆ. ಬಿಜೈಯಿಂದ ಬೋಳಾರಕ್ಕೆ ಎಷ್ಟು ದೂರ? ತಾಯಿಯ ಸ್ವರ ಹೋಗದ ಜಾಗ ಉಂಟಾ?" ಮತ್ತೆ ದೇಯಿಯ ಕಡೆ ತಿರುಗಿ, "ಅಲ್ವಾ ಬೀಗಿತ್ತಿ?"

ಬೋಳಾರದ ಅರ್ಧ ಊರು ವಾಸವಾಗಿದ್ದ ಆ ಗಂಟಲಿನಿಂದ ಒಂದು ಸ್ವರವೂ ಹೊರಡಲಿಲ್ಲ. ದೇಯಿ ತಲೆಯಲ್ಲಾಡಿಸಿ ಇನ್ನೊಂದು ಕಡುಬು ಬಡಿಸಿದಳು. ದೊಡ್ಡದು.

ರೋಸ್ ಚೆನ್ನಾಗಿಯೇ ಆಯಿತು. ಮದುವೆಯ ದಿನ ಇಗರ್ಜಿಯಿಂದ ಮದುಮಕ್ಕಳು ಬರುವ ಹೊತ್ತಿಗೆ ಮಾಲೆ ಪಟಾಕಿ ಬಿಡಬೇಕೆಂದು ಗಂಡಿನ ಕಡೆಯವರು ಪೆಟ್ಟಿಗೆ ತಂದರು. ಮಾರ್ಸೆಲಿನ್ ಬಾಯಿ ಪಾಗಾರದ ಹತ್ತಿರ ಓಡಿ ಬಂದಳು.

"ದೇಯಕ್ಕ, ಆ ಕೋಲು ಕೊಡಿ. ಮತ್ತೆ ಆ ಗೋಣಿಗಳನ್ನು ಸಹ."

ದೇಯಿ ಗೋಣಿ ನೆನೆಸಲು ಬಾವಿಕಟ್ಟೆಗೆ ಹೋದಳು. ಕೋಲನ್ನು ದುಗ್ಗಪ್ಪನೇ ಹೆಗಲ ಮೇಲಿಟ್ಟು ಕೊಂಡುಹೋದ. ಅಲ್ಲಿ ಗಂಡಿನ ಕಡೆಯ ಹಿರಿಯರನ್ನು ಮಾಟೊವಿನಿಂದ ಮೂರು ಮಾರು ದೂರ ನಿಲ್ಲಿಸಿ, ಅಂಗಿಯ ತೋಳು ಮಡಿಸಲು ಹೇಳಿ, ಕೋಲಿನ ತುದಿಗೆ ಹೊಸ ಊದುಬತ್ತಿ ಸಿಕ್ಕಿಸುತ್ತಿದ್ದ ಅವನ ಸ್ವರ ಬಾವಿಯ ತನಕ ಕೇಳಿಸುತ್ತಿತ್ತು.

"ಹ್ಞಂ. ಇದು ನಮ್ಮ ಹಿರಿಯರ ಕಾಲದ ಕೋಲು. ಹತ್ತದಿದ್ರೆ ಹತ್ತಿರ ಹೋಗ್ಲಿಕ್ಕಿಲ್ಲ. ಹ್ಞಂ. ಯಾಕೆ ಅಂತ ಕೇಳ್ಬೇಡಿ. ಸಂಪ್ರದಾಯ."

ಬಾವಿಕಟ್ಟೆಯಲ್ಲಿ ಗೋಣಿ ಹಿಂಡುತ್ತಿದ್ದ ದೇಯಿ, ಯಾರೂ ಹತ್ತಿರ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಅವನಿಗೆ ಉತ್ತರ ಕೊಟ್ಟಳು. ಅವನದೇ ಸ್ವರದಲ್ಲಿ.

"ಹ್ಞಂ. ಉಂಟು. ಹಿಂದಿನಿಂದಲೂ ಉಂಟು."